ಬಿಪಿ ನೋಡುವಾಗ ನಾಡೀನೂ ನೋಡಿ

ಸಂಪಾದಕರಿಗೆ ನಮಸ್ಕಾರ,

2025ರ ಜೂನ್-ಜುಲೈನಲ್ಲಿ ನಮ್ಮ ಹಾಸನ ಜಿಲ್ಲೇಲಿ ಸಾಲು ಸಾಲು ಹಾರ್ಟ್ ಅಟ್ಯಾಕ್ ಸುದ್ದಿ ಬಂದಾಗ ಜನ ಹೆದ್ರಿ ಬೆಳ್ಳಂಬೆಳಗ್ಗೆ ಮೈಸೂರು ಜಯದೇವ ಆಸ್ಪತ್ರೆ ಮುಂದೆ ಕ್ಯೂ ನಿಂತಿದ್ರು, ಇಸಿಜಿ ನಾರ್ಮಲ್ ಅಂದ್ರೆ ಮುಗೀತು, ಇನ್ನೇನೂ ಇಲ್ಲ ಅಂತ ವಾಪಸ್. ಆಮೇಲೆ ಕಮಿಟಿ ವರದಿ ಬಂತು, ಗಲಾಟೆ ತಣ್ಣಗಾಯ್ತು. ಆದ್ರೆ ಎದೆಬಡಿತ ತಾಳ ತಪ್ಪೋ ಕಾಯಿಲೆ ಒಂದಿದೆ, ಡಾಕ್ಟ್ರು ಎಎಫ್ ಅಂತಾರೆ (ಏಟ್ರಿಯಲ್ ಫಿಬ್ರಿಲೇಷನ್), ಕೆಲವರಿಗೆ ಅದು ಬಂದು ಬಂದು ಹೋಗ್ತಿರುತ್ತೆ, ಇಸಿಜಿ ತೆಗೆಯೋ ಆ ಹತ್ತು ಸೆಕೆಂಡಲ್ಲಿ ಬರ್ಲಿಲ್ಲ ಅಂದ್ರೆ ಸಿಗೋದೇ ಇಲ್ಲ.

ಇದ್ರಲ್ಲಿ ಹೃದಯದ ಮೇಲಿನ ಕೋಣೆಗಳು ಸರಿಯಾಗಿ ಹಿಂಡೋದು ಬಿಟ್ಟು ಸುಮ್ನೆ ನಡುಗ್ತಾ ಇರ್ತವೆ, ಎಡಗಡೆ ಕೋಣೆಗೆ ಅಂಟ್ಕೊಂಡಿರೋ ಸಣ್ಣ ಚೀಲದಂಥ ಜಾಗದಲ್ಲಿ ರಕ್ತ ನಿಂತು ಹೆಪ್ಪುಗಟ್ಟುತ್ತೆ. ಅದು ಕಿತ್ಕೊಂಡು ಮಿದುಳಿಗೆ ಹೋದ್ರೆ ಸ್ಟ್ರೋಕ್, ಹೆಚ್ಚಾಗಿ ಆಗೋದು ಇದೇ, ಎಎಫ್ ಇರೋರಿಗೆ ಸಾಧ್ಯತೆ ಸುಮಾರು 5 ಪಟ್ಟು ಜಾಸ್ತಿ. ಅಪರೂಪಕ್ಕೆ ಹೃದಯದ್ದೇ ರಕ್ತನಾಳಕ್ಕೆ ಸಿಕ್ಕಾಕ್ಕೊಂಡ್ರೆ ಹಾರ್ಟ್ ಅಟ್ಯಾಕ್, ಅದೂ ನಾಳದಲ್ಲಿ ಕೊಬ್ಬು ಕಟ್ಟಿರದವರಿಗೂ. ಎಷ್ಟೋ ಜನಕ್ಕೆ ಸ್ವಲ್ಪ ಸುಸ್ತು, ಎದೆ ಢವಢವ, ಅಷ್ಟೇ, ಗ್ಯಾಸ್ಟ್ರಿಕ್ ಅಂತ ಮಾತ್ರೆ ನುಂಗ್ತಾರೆ (ನಮ್ಮಲ್ಲಿ ಎಲ್ಲದಕ್ಕೂ ಗ್ಯಾಸ್ಟ್ರಿಕ್ಕೇ ಬಿಡಿ).

ಗೃಹ ಆರೋಗ್ಯ ಯೋಜನೆ ಅಂತ ಮನೆ ಬಾಗಿಲಿಗೆ ಬಂದು ಬಿಪಿ, ಶುಗರ್ ನೋಡ್ತಾರಲ್ಲ, ಒಳ್ಳೇದೇ. ಹಂಗೇ ವಯಸ್ಸಾದವರ ಮಣಿಕಟ್ಟು ಹಿಡಿದು ಒಂದು ನಿಮಿಷ ನಾಡಿ ನೋಡೋಕೆ ಏನು ಕಷ್ಟ? ಏರುಪೇರು ಅನ್ನಿಸಿದ್ರೆ ಇಸಿಜಿಗೆ ಕಳಿಸ್ಲಿ. ಎಷ್ಟೋ ಡಿಜಿಟಲ್ ಬಿಪಿ ಮೆಷಿನ್ನಲ್ಲಿ ಬಡಿತ ತಪ್ಪಿದ್ರೆ ಒಂದು ಗುರುತು ಬರುತ್ತೆ, ಅದ್ರ ಕಡೆ ಯಾರೂ ಕಣ್ಣೇ ಹಾಯ್ಸಲ್ಲ.

ಕಾಯಿಲೆ ಗೊತ್ತಾದವರ ಪಾಡು ಇನ್ನೊಂದು. ಆಸ್ಪಿರಿನ್ ತಗೊಂಡ್ರೆ ಸಾಕು ಅಂತ ಹೇಳೋರು ಊರು ತುಂಬ ಇದ್ದಾರೆ, ಸಾಲಲ್ಲ, ಹೆಪ್ಪು ತಡೆಯೋ ಮಾತ್ರೆ ಬೇರೇನೇ. ಹೊಸ ಮಾತ್ರೆಗಳಿಗೆ ಪದೇ ಪದೇ ರಕ್ತ ಟೆಸ್ಟ್ ಬೇಡ, ನಿಜ, ಆದ್ರೆ ಚಿಕ್ಕಂದಿನ ರುಮ್ಯಾಟಿಕ್ ಜ್ವರದಿಂದ ಹೃದಯದ ಮೈಟ್ರಲ್ ವಾಲ್ವ್ (ಕವಾಟ) ತೀರಾ ಕಿರಿದಾಗಿರೋರಿಗೆ, ಲೋಹದ ವಾಲ್ವ್ ಹಾಕಿಸ್ಕೊಂಡಿರೋರಿಗೆ ಅವು ಆಗಲ್ಲ, ವಾರ್ಫರಿನ್, ಅಸಿಟ್ರಾಮ್ ಥರದ್ದೇ ಬೇಕು. ಅದಕ್ಕೆ ಆಗಾಗ, ರಕ್ತ ಹೆಪ್ಪುಗಟ್ಟೋಕೆ ಎಷ್ಟು ಹೊತ್ತು ಹಿಡಿಯುತ್ತೆ ಅಂತ ನೋಡೋ ಐಎನ್‌ಆರ್ ಟೆಸ್ಟ್ ಮಾಡಿಸ್ಲೇಬೇಕು, ಕಮ್ಮಿಯಾದ್ರೆ ಹೆಪ್ಪು, ಜಾಸ್ತಿಯಾದ್ರೆ ರಕ್ತಸ್ರಾವ, ಒಂದಿನ ಜಾಸ್ತಿ ಸೊಪ್ಪಿನ ಸಾರು ಉಂಡ್ರೂ ವ್ಯತ್ಯಾಸ ಆಗಬಹುದು. ನಮ್ಮ ಅತ್ತಿಗೆ ಇದೊಂದು ಟೆಸ್ಟಿಗೆ ಕೂಲಿ ಬಿಟ್ಟು ಹಾಸನಕ್ಕೆ ಬಸ್ ಹತ್ಬೇಕು, ಹಂಗಾಗಿ ಎಷ್ಟೋ ಸಲ ಹೋಗೋದೇ ಇಲ್ಲ.

ಪುನೀತ್ ರಾಜ್‌ಕುಮಾರ್ ಹೆಸರಲ್ಲಿ ಹೃದಯ ಜ್ಯೋತಿ ಯೋಜನೆ ಮಾಡಿ ತಾಲ್ಲೂಕು ಆಸ್ಪತ್ರೇಲೇ ಹಾರ್ಟ್ ಅಟ್ಯಾಕಿನ ದುಬಾರಿ ಇಂಜೆಕ್ಷನ್ ಫ್ರೀ ಕೊಡೋ ಸರ್ಕಾರಕ್ಕೆ, ಅದೇ ಆಸ್ಪತ್ರೆಗಳಲ್ಲೆಲ್ಲ ವಾರಕ್ಕೊಂದು ದಿನ ಐಎನ್‌ಆರ್ ಟೆಸ್ಟ್ ಇಡೋದು ಭಾರ ಅಲ್ಲ. ಆರೋಗ್ಯ ಇಲಾಖೆಯವರು ದಯವಿಟ್ಟು ಗಮನಿಸ್ಲಿ.

– ನಿಮ್ಮ ಓದುಗ, ಅರಸೀಕೆರೆ ತಾಲ್ಲೂಕು