ಪಕ್ಕದ ಮನೆಯ ಕಾಕು ಅವರಿಗೆ

ಅಮ್ಮಿಯನ್ನು ಹುಬ್ಬಳ್ಳಿಯ ಆಸ್ಪತ್ರೆಯಿಂದ ಗದಗಿನ ಮನೆಗೆ ಕರೆತಂದಿದ್ದೇವೆ. ಏನಾಗಿತ್ತೆಂಬುದು ನಿಮಗೆಲ್ಲ ಗೊತ್ತಿರುವುದರಿಂದ ಮತ್ತೆ ಬರೆಯುವುದಿಲ್ಲ. ರಕ್ತ ಕೊಟ್ಟ ಗೆಳೆಯರಿಗೆ, ನನ್ನ ತರಗತಿಗಳನ್ನು ಹಂಚಿಕೊಂಡ ಸಹೋದ್ಯೋಗಿಗಳಿಗೆ, ಕೇಳುವ ಮೊದಲೇ ಹಣ ಕಳುಹಿಸಿದ ಜಮಾತಿನ ಹಿರಿಯರಿಗೆ, ನಡುರಾತ್ರಿ ಅಣ್ಣಿಗೇರಿ ದಾರಿಯಲ್ಲಿ ಕಾರು ಓಡಿಸಿದ ಮಾಮಾನ ಮಗನಿಗೆ ನಾನು ಋಣಿ. ಇಷ್ಟು ಜನರನ್ನು ಒಂದೇ ವಾಕ್ಯದಲ್ಲಿ ಸೇರಿಸಿದ್ದಕ್ಕೆ ಅವರು ಬೇಸರಿಸಲಾರರು. ಉಳಿದ ಜಾಗ ಯಾರಿಗೆ ಸಲ್ಲಬೇಕೆಂಬುದನ್ನು ಅವರೇ ಕಣ್ಣಾರೆ ಕಂಡಿದ್ದಾರೆ.

ನಮ್ಮ ಪಕ್ಕದ ಮನೆಯ ಕಾಕು ನಿವೃತ್ತ ಶಿಕ್ಷಕಿ, ಲಿಂಗಪೂಜೆಯಾಗದೆ ಬಾಯಿಗೆ ನೀರು ಹಾಕದವರು, ಗದಗಿನ ಲಿಂಗಾಯತ ಮಠವಾದ ತೋಂಟದಾರ್ಯ ಮಠದ ಸೋಮವಾರದ ಶಿವಾನುಭವ ಗೋಷ್ಠಿಯನ್ನು ಸುಲಭವಾಗಿ ತಪ್ಪಿಸದವರು. ಅಂಥವರು ರಮಜಾನಿನ ಕೊನೆಯ ವಾರದಲ್ಲಿ ಎರಡು ಸೀರೆ, ವಿಭೂತಿ, ರೊಟ್ಟಿಯ ಗಂಟು ಹಿಡಿದು ಹುಬ್ಬಳ್ಳಿಗೆ ಬಂದು ಐಸಿಯು ಮುಂದಿನ ಬೆಂಚಿನ ಮೇಲೆ ಕುಳಿತರು. ಅಮ್ಮಿಯನ್ನು ವಾರ್ಡಿಗೆ ಕಳುಹಿಸುವವರೆಗೂ ಅವರು ಊರಿಗೆ ಮರಳಲಿಲ್ಲ.

ಎಲ್ಲಕ್ಕಿಂತ ಕೆಟ್ಟದ್ದಾಗಿದ್ದ ಆ ರಾತ್ರಿ ವೈದ್ಯರು ಕಾಗದವೊಂದನ್ನು ಮುಂದಿಟ್ಟು ಸಹಿ ಕೇಳಿದರು. ಅಕ್ಷರಗಳು ಕಾಣುತ್ತಿದ್ದವು, ಅರ್ಥ ತಲೆಗೆ ಹೋಗುತ್ತಿರಲಿಲ್ಲ. “ಡಾಕ್ಟ್ರ, ಈಗ ಹೇಳಿದ್ದನ್ನ ಕನ್ನಡದಾಗ ಇನ್ನೊಮ್ಮೆ ಸಾವಕಾಶ ಹೇಳ್ರಿ, ಹುಡುಗ ತಿಳಕೊಂಡು ಸಹಿ ಮಾಡ್ಲಿ” ಎಂದವರು ಕಾಕು. ಸಹಿ ಮಾಡಿ ಬಂದು, ಅಮ್ಮಿ ಇನ್ನು ಉಳಿಯುವುದಿಲ್ಲ ಎಂದು ನಾನು ಜೋರಾಗಿಯೇ ಅತ್ತುಬಿಟ್ಟೆ. ಅವರು ಸುಮ್ಮನಿರು ಎನ್ನಲಿಲ್ಲ, ದೇವರಿದ್ದಾನೆ ಎಂದೂ ಹೇಳಲಿಲ್ಲ. “ಹಂಗ ಅನಬ್ಯಾಡ ಅಂತ ನಾ ಹೇಳಂಗಿಲ್ಲ ತಮ್ಮಾ, ಅಂದು ಹಗರಾಗು. ಆದರ ನಿಮ್ಮವ್ವ ನನ್ನ ರೊಟ್ಟಿ ಹಂಚು ಒಯ್ದಾಕಿ ಇನ್ನೂ ಕೊಟ್ಟಿಲ್ಲ. ಸಾಲ ಇಟ್ಟು ಹೋಗೋ ಪೈಕಿ ಅಲ್ಲ ಆಕಿ” ಎಂದರು. ಮಾತು ನಿಜವೂ ಆಗಿತ್ತು. ಮಾಂಸದ ಅಡುಗೆ ಮಾಡುವ ಮನೆಗೆ ಹಂಚು ಕೊಡಲು ಕಾಕು ಹಿಂದೆಮುಂದೆ ನೋಡಿರಲಿಲ್ಲ. ಅಮ್ಮಿಯೂ ಅದರ ಮೇಲೆ ರೊಟ್ಟಿಯಲ್ಲದೆ ಬೇರೇನನ್ನೂ ಬೇಯಿಸಿರಲಿಲ್ಲ.

ರೋಜಾ ಬಿಡು ಎಂದು ಎಲ್ಲರೂ, ನಮ್ಮವರೂ ಸೇರಿ, ಹೇಳಿದ್ದರು. ಕಾಕು ಮಾತ್ರ ಆ ವಿಷಯಕ್ಕೇ ಬರದೆ, ಸಹರಿಯ, ಅಂದರೆ ರೋಜಾಕ್ಕೆ ಮುಂಚಿನ ನಸುಕಿನ ಊಟದ, ಹೊತ್ತಿಗೆ ಎಬ್ಬಿಸಿ ಕಟಕ ರೊಟ್ಟಿ, ಶೇಂಗಾ ಚಟ್ನಿ, ಮೊಸರು ಮುಂದಿಟ್ಟರು. ಕಿಟಕಿಯಿಲ್ಲದ ಆ ಕಾರಿಡಾರಿನಲ್ಲಿ ದಿಕ್ಕು ತಿಳಿಯುವಂತಿರಲಿಲ್ಲ. ಪಡುವಣ ಯಾವ ಕಡೆ ಎಂದು ಕಾವಲುಗಾರನನ್ನು ವಿಚಾರಿಸಿಕೊಂಡು ಬಂದು, ತಮ್ಮ ಚೀಲ ಸರಿಸಿ, ನನ್ನ ನಮಾಜಿಗೆ ಜಾಗ ಮಾಡಿದರು. ಆಮೇಲೆ ಅವರು ತಣ್ಣೀರಿನ ಸ್ನಾನ ಮುಗಿಸಿ, ಮೆಟ್ಟಿಲಿನ ತಿರುವಿನಲ್ಲಿ ಕುಳಿತು, ಇಷ್ಟಲಿಂಗವನ್ನು ಎಡಗೈಯಲ್ಲಿ ಹಿಡಿದು ಪೂಜಿಸುವಾಗ ಓಡಾಡುವವರು ಅಡ್ಡ ಬಾರದಂತೆ ನಾನು ಕೆಳಗೆ ನಿಂತೆ.

1974ರಿಂದ 2018ರಲ್ಲಿ ಲಿಂಗೈಕ್ಯರಾಗುವವರೆಗೆ ತೋಂಟದಾರ್ಯ ಪೀಠದಲ್ಲಿದ್ದ ಸಿದ್ಧಲಿಂಗ ಸ್ವಾಮೀಜಿಯವರ ಮಾತು ಕೇಳಲು ಅಬ್ಬಾ ನನ್ನನ್ನು ಚಿಕ್ಕಂದಿನಲ್ಲಿ ಮಠಕ್ಕೆ ಕರೆದೊಯ್ಯುತ್ತಿದ್ದರು. ಕೋಮು ಸೌಹಾರ್ದದ ರಾಷ್ಟ್ರೀಯ ಪ್ರಶಸ್ತಿ ಪಡೆದ ಅವರ ಜನ್ಮದಿನ, ಫೆಬ್ರವರಿ 21, ಈಗ ಸರ್ಕಾರ ಆಚರಿಸುವ ಭಾವೈಕ್ಯತಾ ದಿನ. ಆ ದಿನದ ವೇದಿಕೆಗೆ ಯಾರಾದರೂ ಕಾಕು ಅವರನ್ನು ಕರೆದರೆ ಅವರು ಸಿಟ್ಟಾಗುವುದು ಖಚಿತ. ಆದರೂ ಒಂದು ಮಾತು ಹೇಳಲೇಬೇಕು: ನಮಗಾಗಿ ಅವರು ತಮ್ಮ ನೇಮವನ್ನು ಸಡಿಲಿಸಿದವರಲ್ಲ, ನಮ್ಮದು ಸಡಿಲವಾಗಲೆಂದು ಬಯಸಿದವರೂ ಅಲ್ಲ. ಪೂಜೆಗೆ ಮೊದಲು ನಮ್ಮ ಮನೆಯ ಚಹಾ ಬೇಡವೆಂದಾಗ ಅಮ್ಮಿ ಎಂದೂ ನೊಂದಿಲ್ಲ. ಹಬ್ಬದ ಶಾವಿಗೆ ಪಾಯಸ ಸುರಕುಂಬಾವನ್ನು ಅವರಿಗಾಗಿಯೇ ಬೇರೆ ಪಾತ್ರೆಯಲ್ಲಿ ಕಾಯಿಸಿ, ಪೂಜೆ ಮುಗಿದ ಮೇಲೆ ಕಳುಹಿಸುವುದು ರೂಢಿ. ಆಚಾರ ಬಿಟ್ಟವರಷ್ಟೇ ಒಳ್ಳೆಯ ನೆರೆಯವರಾಗಬಲ್ಲರು ಎಂಬ ವಾದವನ್ನು ನಾನು ಒಪ್ಪಲಾರೆ.

ಈ ಸಲದ ಹಬ್ಬ ಆಸ್ಪತ್ರೆಯಲ್ಲೇ ಕಳೆಯಿತು. ಬರುವ ಭಾನುವಾರ ಮನೆಯಲ್ಲಿ ಸುರಕುಂಬಾ ಮಾಡುತ್ತಿದ್ದೇವೆ; ಅಮ್ಮಿಯನ್ನು ನೋಡಬೇಕೆಂದಿರುವವರು ಸಂಜೆ ಬರಬಹುದು. ಬಹಳ ಹೊತ್ತು ಮಾತಾಡಿಸಬಾರದೆಂದು ವೈದ್ಯರು ಸೂಚಿಸಿದ್ದಾರೆ. ಅದನ್ನು ಪಾಲಿಸುವಂತೆ ನೋಡಿಕೊಳ್ಳಲು ಕಾಕು ಬಾಗಿಲಲ್ಲೇ ಕುಳಿತಿರುತ್ತಾರೆ.