ಆಹ್ವಾನಿತರ ಮಾತು ಉಳಿಯಬೇಕಾದರೆ

ಮಾನ್ಯ ಸಂಪಾದಕರೇ,

ವಿಶ್ವವಿದ್ಯಾಲಯಗಳ ವಿಶೇಷ ಉಪನ್ಯಾಸಗಳ ವರದಿಗಳಲ್ಲಿ ಯಾರು ಅಧ್ಯಕ್ಷತೆ ವಹಿಸಿದ್ದರು, ಯಾರು ವಂದಿಸಿದರು ಎಂಬುದೆಲ್ಲ ಇರುತ್ತದೆ. ಆಹ್ವಾನಿತರು ಒಂದು ಗಂಟೆ ಆಡಿದ ಮಾತು ಮಾತ್ರ ಎರಡು ಸಾಲಿಗೆ ಇಳಿದಿರುತ್ತದೆ. ಇದಕ್ಕೆ ವರದಿಗಾರರನ್ನು ದೂರಿ ಫಲವಿಲ್ಲ. ಉಪನ್ಯಾಸದ ಪೂರ್ಣಪಾಠವನ್ನು ಕಾಪಿಡುವುದು ಕರೆಸಿದ ಸಂಸ್ಥೆಯ ಕೆಲಸ.

ಹಾರ್ವರ್ಡ್ ವಿಶ್ವವಿದ್ಯಾಲಯದ ನಾರ್ಟನ್ ಮಾಲಿಕೆಯಲ್ಲಿ 1967–68ರಲ್ಲಿ ಅರ್ಜೆಂಟೀನಾದ ಲೇಖಕ ಬೋರ್ಹೆಸ್ ಕಾವ್ಯವನ್ನು ಕುರಿತು ಆರು ಉಪನ್ಯಾಸ ನೀಡಿದರು. ಆ ವೇಳೆಗೆ ಅವರ ದೃಷ್ಟಿ ಬಹುಮಟ್ಟಿಗೆ ಹೋಗಿದ್ದರಿಂದ ಟಿಪ್ಪಣಿ ನೋಡಿ ಮಾತನಾಡುವ ಪ್ರಶ್ನೆಯೇ ಇರಲಿಲ್ಲ. ನೆನಪಿನಲ್ಲಿದ್ದ ಪದ್ಯಗಳನ್ನೇ ಉದಾಹರಿಸುತ್ತ ಹೋದರು. ಹಸ್ತಪ್ರತಿಯೇ ಇಲ್ಲದ ಆ ಉಪನ್ಯಾಸಗಳು ಪುಸ್ತಕವಾದದ್ದು 2000ದಲ್ಲಿ, ಅದೂ ಧ್ವನಿಮುದ್ರಿತ ಟೇಪುಗಳು ಉಳಿದಿದ್ದವೆಂಬ ಕಾರಣಕ್ಕೆ. ಅದೇ ಮಾಲಿಕೆಗೆ ಆಹ್ವಾನಿತರಾಗಿದ್ದ ಇಟಲಿಯ ಲೇಖಕ ಕ್ಯಾಲ್ವಿನೊ 1985ರಲ್ಲಿ ಆರರ ಪೈಕಿ ಐದು ಉಪನ್ಯಾಸಗಳನ್ನು ಬರೆದಿಟ್ಟು, ವೇದಿಕೆ ಏರುವ ಮೊದಲೇ ತೀರಿಕೊಂಡರು. ಬರಹವಿದ್ದುದರಿಂದ ಆಡದ ಮಾತೂ ಓದುಗರಿಗೆ ದಕ್ಕಿತು.

1964ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಭೌತವಿಜ್ಞಾನಿ ರಿಚರ್ಡ್ ಫೈನ್‌ಮನ್ ಭೌತ ನಿಯಮಗಳ ಸ್ವರೂಪವನ್ನು ಕುರಿತು ನೀಡಿದ ಏಳು ಉಪನ್ಯಾಸಗಳನ್ನು ಬಿಬಿಸಿ ಚಿತ್ರೀಕರಿಸಿತ್ತು. ಅಂದು ಹುಟ್ಟಿರದವರೂ ಇಂದು ಅವನ್ನು ನೋಡಿ ಕಲಿಯುತ್ತಿದ್ದಾರೆ. (ಫೈನ್‌ಮನ್ ಅವರಿಗೆ ನೊಬೆಲ್ ಬಂದದ್ದು ಉಪನ್ಯಾಸದ ಮರುವರ್ಷ. ಪ್ರಶಸ್ತಿ ಬಂದ ಮೇಲಷ್ಟೇ ಆಹ್ವಾನ ಕಳುಹಿಸುವವರು ಇದನ್ನು ಗಮನಿಸಬಹುದು.) ಆರೇಳು ಉಪನ್ಯಾಸಗಳ ಅವಕಾಶವಿದ್ದರೆ ವಿದ್ವಾಂಸರು ಒಂದು ವಿಚಾರವನ್ನು ಹಂತಹಂತವಾಗಿ ಕಟ್ಟಬಲ್ಲರು, ಸ್ವಾಗತ, ಪ್ರಾಸ್ತಾವಿಕ ನುಡಿ, ಪರಿಚಯಗಳೆಲ್ಲ ಮುಗಿದ ಮೇಲೆ ಉಳಿಯುವ ನಲವತ್ತು ನಿಮಿಷದಲ್ಲಿ ಅದು ಯಾರಿಂದಲೂ ಸಾಧ್ಯವಿಲ್ಲ.

ನಾನು ವಿದ್ಯಾರ್ಥಿಯಾಗಿದ್ದಾಗ ಇಂಥದೊಂದು ಮಾಲಿಕೆಗೆ ಬಂದಿದ್ದ ಖಗೋಳ ವಿಜ್ಞಾನಿಯೊಬ್ಬರು, ಸಭಿಕರೊಬ್ಬರ ಪ್ರಶ್ನೆಗೆ ತಮಗೆ ಉತ್ತರ ಗೊತ್ತಿಲ್ಲವೆಂದು ಒಪ್ಪಿಕೊಂಡು, ಏಕೆ ಗೊತ್ತಿಲ್ಲ ಎಂಬುದನ್ನು ಇಪ್ಪತ್ತು ನಿಮಿಷ ವಿವರಿಸಿದ್ದರು. ಅಂದಿನ ಮುಖ್ಯ ಉಪನ್ಯಾಸ ನನಗೆ ಮರೆತಿದೆ, ಆ ವಿವರಣೆ ಮರೆತಿಲ್ಲ. ವರ್ಷಗಳ ನಂತರ ಅದರ ಧ್ವನಿಮುದ್ರಣ ಹುಡುಕಿಕೊಂಡು ಹೋದಾಗ ಅಲ್ಲಿ ಸಿಕ್ಕಿದ್ದು ಆಹ್ವಾನ ಪತ್ರಿಕೆ ಮತ್ತು ಒಂದು ಸಮೂಹ ಚಿತ್ರ.

ಈಗ ಧ್ವನಿಮುದ್ರಣಕ್ಕೆ ಒಂದು ಮೊಬೈಲ್ ಫೋನ್ ಸಾಕು. ಉಪನ್ಯಾಸಕರ ಒಪ್ಪಿಗೆಯನ್ನು ಮೊದಲೇ ಲಿಖಿತವಾಗಿ ಪಡೆದು, ಮುದ್ರಣವನ್ನೂ ಅದರ ಅಕ್ಷರರೂಪವನ್ನೂ ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಒಪ್ಪಿಸುವ ನಿಯಮ ಜಾರಿಗೆ ಬರಲಿ. ಪ್ರಶ್ನೋತ್ತರದ ವೇಳೆ ಸಭಿಕರ ಕೈಗೂ ಮೈಕ್ ಕೊಡಬೇಕು. ಇಲ್ಲವಾದರೆ ಮುದ್ರಣದಲ್ಲಿ ಉತ್ತರವಿದ್ದು ಪ್ರಶ್ನೆಯೇ ಇರುವುದಿಲ್ಲ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಅಧ್ಯಾಪಕ