ಅಪ್ಪ ಎದ್ದು ಕುಳಿತು ಒಂದು ವರ್ಷ, ಎಲ್ಲರಿಗೂ ಥ್ಯಾಂಕ್ಸ್

ಹೋದ ವರ್ಷ ಜನವರಿಯ ಒಂದು ಮಧ್ಯಾಹ್ನ ನಮ್ಮ ಅಪ್ಪ ಅಂಗಳದಲ್ಲಿ ಬಿದ್ದರು. ಒಣಹಾಕಿದ ಅಡಿಕೆಯನ್ನು ಕಾಲಲ್ಲಿ ಮಗುಚುತ್ತಾ ಇದ್ದವರು ಹಾಗೇ ಮುಂದಕ್ಕೆ ವಾಲಿದರು. ಮೊನ್ನೆಗೆ ಅದಕ್ಕೆ ವರ್ಷ ಆಯಿತು. ಈಗ ಚೆನ್ನಾಗಿದ್ದಾರೆ. ಬೆಳಗ್ಗೆ ತೋಟಕ್ಕೆ ಒಂದು ಸುತ್ತು ಹೋಗಿ ಬರುತ್ತಾರೆ, ಚಾಗೆ ಸಕ್ಕರೆ ಕಡಿಮೆ ಆಯಿತು ಅಂತ ಅಮ್ಮನ ಹತ್ತಿರ ಚರ್ಚೆ ಮಾಡುತ್ತಾರೆ. ಬರೆಯಬೇಕು, ಥ್ಯಾಂಕ್ಸ್ ಹೇಳಬೇಕು ಅಂತ ಅವತ್ತಿನಿಂದ ಅಂದುಕೊಳ್ಳುತ್ತಿದ್ದೆ. ಕುಳಿತರೆ ಕೈ ನಡುಗುತ್ತಿತ್ತು, ಸುಮ್ನೆ ಎದ್ದು ಬಿಡುತ್ತಿದ್ದೆ. ಇವತ್ತು ಬರೆದೇ ಬಿಡುತ್ತೇನೆ.

ಮೊದಲ ಥ್ಯಾಂಕ್ಸ್ ಒಂದು ಟಿವಿ ಸರಣಿಗೆ. ವಿಚಿತ್ರ ಅನಿಸಬಹುದು, ಆದರೆ ಅದು ಇಲ್ಲದಿದ್ದರೆ ಉಳಿದ ಯಾರಿಗೂ ಥ್ಯಾಂಕ್ಸ್ ಹೇಳುವ ಅವಕಾಶವೇ ನನಗೆ ಸಿಗುತ್ತಿರಲಿಲ್ಲ.

ನನ್ನ ಚಿಕ್ಕಮ್ಮನ ಮಗಳು ಇಂಗ್ಲೆಂಡಿನಲ್ಲಿ ನರ್ಸ್. ರಜೆಯಲ್ಲಿ ಕಾಸರಗೋಡು ಜಿಲ್ಲೆಯ ನಮ್ಮ ಬದಿಯಡ್ಕಕ್ಕೆ ಬಂದಾಗ ನಮ್ಮ ಮನೆಯಲ್ಲಿ ಹತ್ತು ದಿನ ಇದ್ದಳು. ರಾತ್ರಿ ಊಟ ಆದ ಮೇಲೆ ಲ್ಯಾಪ್‌ಟಾಪ್ ತೆರೆದು ಬಿಬಿಸಿಯ ‘ಆಂಬುಲೆನ್ಸ್’ ತೋರಿಸುತ್ತಿದ್ದಳು. 2016ರಲ್ಲಿ ಶುರುವಾದ ಸರಣಿ ಅದು. ಮೊದಲು ಲಂಡನ್ನಿನ ಆಂಬುಲೆನ್ಸ್ ಸೇವೆಯವರ ಜೊತೆ ತೆಗೆದರು, ಆಮೇಲೆ ಬೇರೆ ಊರುಗಳದ್ದೂ ಬಂತು. ಕಥೆ ಇಲ್ಲ, ನಟರಿಲ್ಲ. ಗಾಡಿಯ ಒಳಗೆ ಒಂದು ಕ್ಯಾಮೆರಾ, ಫೋನ್ ಎತ್ತುವ ಕೋಣೆಯಲ್ಲಿ ಇನ್ನೊಂದು, ಅವರ ಪಾಡಿಗೆ ಅವರು ಕೆಲಸ ಮಾಡುತ್ತಿರುತ್ತಾರೆ. ಕರೆ ಬಂದ ಕೂಡಲೇ ಅಲ್ಲಿ ಕೇಳುವ ಮೊದಲ ಪ್ರಶ್ನೆ, ಹೆಸರಲ್ಲ, ವಿಳಾಸವೂ ಅಲ್ಲ. “ರೋಗಿ ಉಸಿರಾಡುತ್ತಿದ್ದಾರಾ?”

ಅಪ್ಪನಿಗೆ ಇಂಗ್ಲಿಷ್ ಬರುವುದಿಲ್ಲ. ಆದರೂ ದಿನಾ ಬಂದು ಕುಳಿತುಕೊಳ್ಳುತ್ತಿದ್ದರು. ಗಾಡಿ, ಸೈರನ್ನು ಅವರಿಗೆ ಬೇಡ. ಅವರ ಕಣ್ಣು ಫೋನ್ ಎತ್ತುವ ಹುಡುಗಿಯರ ಮೇಲೆ. ಒಂದು ಕರೆ ಮುಗಿಯುವಷ್ಟರಲ್ಲಿ ಇನ್ನೊಂದು, ಪರದೆ ಮೇಲೆ ಕಾಯುತ್ತಿರುವವರ ಪಟ್ಟಿ ಉದ್ದ ಆಗುತ್ತಾ ಇರುತ್ತದೆ, ಕಳಿಸಲು ಗಾಡಿ ಇರುವುದಿಲ್ಲ. ಅಪ್ಪ ಒಂದು ರಾತ್ರಿ ಕೇಳಿದರು, “ಅಲ್ಲ ಮಗಾ, ಈ ಹುಡುಗಿ ಊಟಕ್ಕೆ ಯಾವಾಗ ಹೋಗುವುದು?” ತಂಗಿ ನಕ್ಕಳು, ಆಮೇಲೆ ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ.

ಅವಳು ನಡುನಡುವೆ ವೀಡಿಯೊ ನಿಲ್ಲಿಸಿ ನಮಗೆ ವಿವರಿಸುತ್ತಿದ್ದಳು. ಹೃದಯ ನಿಂತ ಮೇಲೂ ಕೆಲವರು ಒಂದೆರಡು ನಿಮಿಷ ಗೊರಕೆ ಹೊಡೆದ ಹಾಗೆ, ಮೀನು ಬಾಯಿ ಬಿಟ್ಟ ಹಾಗೆ ಮಾಡುತ್ತಾರಂತೆ. ಮನೆಯವರು ಅದನ್ನೇ ಉಸಿರು ಅಂದುಕೊಂಡು ನೀರು ಚಿಮುಕಿಸುತ್ತಾ ಕುಳಿತುಬಿಡುತ್ತಾರೆ. ಅದು ಉಸಿರಲ್ಲ ಅಕ್ಕ, ಅಂದಳು. ನಾಲ್ಕೈದು ನಿಮಿಷ ರಕ್ತ ಹೋಗದಿದ್ದರೆ ಮೆದುಳು ಹಾಳಾಗಲು ಶುರು, ಅಲ್ಲಿಯವರೆಗೆ ನಮ್ಮ ಕೈಯೇ ಹೃದಯ. ಎದೆಯ ನಡುವೆ ಎರಡೂ ಕೈ ಇಟ್ಟು, 5 ಸೆಂಟಿಮೀಟರಿಗಿಂತ ಕಡಿಮೆ ಆಗದ ಹಾಗೆ, ನಿಮಿಷಕ್ಕೆ 100ರಿಂದ 120 ಸಲ ಒತ್ತಬೇಕು. ತಲೆದಿಂಬಿನ ಮೇಲೆ ನನ್ನಿಂದ ಮಾಡಿಸಿ ನೋಡಿದಳು. ಸಾಲದು, ಇನ್ನೂ ಗಟ್ಟಿ, ಅಂತ ನನ್ನ ಕೈ ಮೇಲೆ ತನ್ನ ಕೈ ಇಟ್ಟು ಒತ್ತಿದಳು.

ಅವತ್ತು ಅಪ್ಪ ಬಿದ್ದಾಗ ಅವರ ಗಂಟಲಿನಿಂದ ಅದೇ ಗೊರಕೆ. ಅಮ್ಮ “ಉಸಿರಿದೆ, ಉಸಿರಿದೆ” ಅಂತ ಕೂಗಿದರು. ನನಗೂ ಒಂದು ಕ್ಷಣ ಹಾಗೇ ಅನಿಸಿತು. ಆಮೇಲೆ ತಂಗಿ ವೀಡಿಯೊ ನಿಲ್ಲಿಸಿದ್ದು ನೆನಪಾಯಿತು.

ತಮ್ಮ 108ಕ್ಕೆ ಫೋನ್ ಮಾಡಿ ಸ್ಪೀಕರ್ ಹಾಕಿ ನೆಲದ ಮೇಲೆ ಇಟ್ಟ. ಆ ಕಡೆ ಒಬ್ಬ ಹೆಂಗಸು. “ಶ್ವಾಸಂ ಉಂಡೋ?” ಅಂತ ಕೇಳಿದರು. ಲಂಡನ್ನಿನ ಅದೇ ಪ್ರಶ್ನೆ, ಮಲಯಾಳದಲ್ಲಿ. ನಾನು ಹುಟ್ಟಿದಾಗಿನಿಂದ ಕಾಸರಗೋಡಿನಲ್ಲೇ ಇದ್ದೇನೆ, ಪೇಟೆಯಲ್ಲಿ, ಬಸ್ಸಿನಲ್ಲಿ ಮಲಯಾಳ ಮಾತಾಡುತ್ತೇನೆ. ಆ ಹೊತ್ತಿಗೆ ಒಂದು ಪದವೂ ಬಾಯಿಗೆ ಬರಲಿಲ್ಲ. ಕನ್ನಡದಲ್ಲೇ “ಇಲ್ಲ, ಇಲ್ಲ” ಅಂದೆ. ಅವರಿಗೆ ಅರ್ಥ ಆಯಿತು. ಪದಗಳನ್ನು ಒಂದೊಂದಾಗಿ ಬಿಡಿಸಿ, ನಿಧಾನವಾಗಿ, ಒತ್ತಿ ಅಂತ ಹೇಳಿದರು. ಆಮೇಲೆ ಎಣಿಸಲು ಶುರು ಮಾಡಿದರು. ಒನ್ನ್, ರಂಡ್, ಮೂನ್ನ್, ನಾಲ್. ನಾನು ಒಂದು, ಎರಡು, ಮೂರು, ನಾಲ್ಕು. ಅವರದ್ದು ರಾಜ್ಯದ ಆ ತುದಿ, ತಿರುವನಂತಪುರ. ನಮ್ಮದು ಈ ತುದಿ. ಅಷ್ಟು ದೂರದಿಂದ ಇಬ್ಬರೂ ಒಂದೇ ತಾಳಕ್ಕೆ ಎಣಿಸಿದೆವು. ಅವರ ಹೆಸರು ನನಗೆ ಗೊತ್ತಿಲ್ಲ, ಮುಖವನ್ನೂ ನೋಡಿಲ್ಲ. ಆದರೆ ಆ ಸ್ವರ ಸಾಯುವವರೆಗೂ ಮರೆಯುವುದಿಲ್ಲ.

ಎರಡು ನಿಮಿಷ ಆಗುವಷ್ಟರಲ್ಲಿ ತೋಳು ಸೋತಿತು. ಆಗ ತಮ್ಮ ಒತ್ತಿದ, ಮತ್ತೆ ನಾನು. ಅಷ್ಟರಲ್ಲಿ ನೆರೆಮನೆಯ ಕಾಕ ಓಡಿ ಬಂದಿದ್ದರು. ಅವರ ಮಗನನ್ನು ಮೇಲೆ ರಸ್ತೆಗೆ ಓಡಿಸಿದೆ. ಗಾಡಿಗೆ ಮನೆ ಸಿಗದೆ ನಿಮಿಷಗಳು ಹೋಗುವುದನ್ನೂ ಆ ಸರಣಿಯಲ್ಲೇ ನೋಡಿದ್ದೆ ಅಲ್ವಾ, ಅದಕ್ಕೇ. ಹುಡುಗ ತನ್ನ ಅಂಗಿ ಬಿಚ್ಚಿ ಬೀಸುತ್ತಾ ತಿರುವಿನಲ್ಲಿ ನಿಂತಿದ್ದನಂತೆ. ಒಂಬತ್ತನೇ ಕ್ಲಾಸಿನ ಹುಡುಗ. ಅವನಿಗೂ ಥ್ಯಾಂಕ್ಸ್.

ಹದಿನಾಲ್ಕು ನಿಮಿಷಕ್ಕೆ ಗಾಡಿ ಬಂತು. ತಮ್ಮನ ಫೋನಿನಲ್ಲಿ ಇದ್ದ ಲೆಕ್ಕ ಅದು. ನಮ್ಮ ಮನೆಗೆ ವಾಹನ ಬರುವುದಿಲ್ಲ. ಗುಡ್ಡೆ ಇಳಿಯಬೇಕು, ತೋಡು ದಾಟಬೇಕು. ಆಂಬುಲೆನ್ಸಿನ ಪೈಲಟ್, ಅಂದರೆ ಚಾಲಕ, ಮತ್ತು ಗಾಡಿಯಲ್ಲಿ ತುರ್ತು ಚಿಕಿತ್ಸೆ ಕೊಡುವ ಇಎಂಟಿ ಇಬ್ಬರೂ ಯಂತ್ರ ಹೊತ್ತುಕೊಂಡು ಸಂಕದ ಮೇಲೆ ಓಡಿ ಬಂದರು. ಇಎಂಟಿ ಹುಡುಗಿಗೆ ಇಪ್ಪತ್ತೈದು ವರ್ಷವೂ ಇರಲಿಕ್ಕಿಲ್ಲ. ನನ್ನನ್ನು ಮೆಲ್ಲಗೆ ಸರಿಸಿ ಅಪ್ಪನ ಎದೆಗೆ ಪ್ಯಾಡ್ ಅಂಟಿಸಿದಳು. ಎಲ್ಲರೂ ದೂರ ಹೋಗಿ ಅಂದಳು. ಒಂದು ಶಾಕ್. ಮತ್ತೆ ಒತ್ತಿದರು. ಮತ್ತೊಂದು ಶಾಕ್. ಆಮೇಲೆ ಕುತ್ತಿಗೆಗೆ ಬೆರಳಿಟ್ಟು ನನ್ನ ಮುಖ ನೋಡಿ “ಕಿಟ್ಟಿ” ಅಂದಳು. ಸಿಕ್ಕಿತು ಅಂತ.

ಸ್ಟ್ರೆಚರನ್ನು ಗುಡ್ಡೆ ಹತ್ತಿಸಿದ್ದು ಊರಿನವರು. ಅಡಿಕೆ ಸುಲಿಯಲು ಬಂದವರು, ಕಾಕನ ಮನೆಯವರು, ಬೈಕ್ ನಿಲ್ಲಿಸಿ ಇಳಿದು ಬಂದ ಗುರುತಿಲ್ಲದ ಇಬ್ಬರು. ತುಳು, ಬ್ಯಾರಿ, ಕನ್ನಡ, ಮಲಯಾಳ ಎಲ್ಲ ಒಟ್ಟಿಗೆ ಕೇಳುತ್ತಿತ್ತು.

ಹತ್ತಿರದ ಆಸ್ಪತ್ರೆಯಲ್ಲಿ ಸ್ವಲ್ಪ ಸ್ಥಿರ ಮಾಡಿಕೊಂಡು ಮಂಗಳೂರಿಗೆ ಹೊರಟೆವು. ತಲಪಾಡಿ ದಾಟುವಾಗ ನನಗೆ 2020 ನೆನಪಾಯಿತು. ಆಗ ಲಾಕ್‌ಡೌನಿನಲ್ಲಿ ಗಡಿ ಮುಚ್ಚಿತ್ತು, ಆಂಬುಲೆನ್ಸುಗಳೂ ಅಲ್ಲೇ ನಿಂತವು, ನಮ್ಮ ಜಿಲ್ಲೆಯ ಎಷ್ಟೋ ಮನೆಯವರು ಕಣ್ಣೆದುರೇ ತಮ್ಮವರನ್ನು ಕಳೆದುಕೊಂಡರು. ನಮ್ಮ ಗಾಡಿ ನಿಲ್ಲದೆ ಹೋಯಿತು. ಆ ಮನೆಯವರನ್ನು ನೆನೆದು ಅವತ್ತು ನಾನು ಗಾಡಿಯಲ್ಲೇ ಅತ್ತೆ. ದಾರಿಯುದ್ದಕ್ಕೂ ಲಾರಿಗಳು, ಬಸ್ಸುಗಳು ಬದಿಗೆ ಸರಿದವು. 2019ರ ಏಪ್ರಿಲ್‌ನಲ್ಲಿ 15 ದಿನದ ಕೂಸನ್ನು ಹೃದಯದ ಚಿಕಿತ್ಸೆಗೆ ಮಂಗಳೂರಿನಿಂದ ಕೊಚ್ಚಿಗೆ ಸಾಗಿಸಿದ್ದು ನೆನಪಿದೆಯಾ? ಸುಮಾರು 400 ಕಿಲೋಮೀಟರನ್ನು ಐದೂವರೆ ಗಂಟೆಯೊಳಗೆ ಓಡಿಸಿದ ಆ ಚಾಲಕ ನಮ್ಮ ಕಾಸರಗೋಡಿನವರೇ. ಅವತ್ತು ಅಪ್ಪ ಮೊಬೈಲ್ ಹಿಡಿದುಕೊಂಡು ಗಾಡಿ ಎಲ್ಲಿಗೆ ಮುಟ್ಟಿತು ಅಂತ ನೋಡುತ್ತಾ ಊಟಕ್ಕೇ ಏಳಲಿಲ್ಲ. ಈ ಸಲ ಅಂಥದ್ದೇ ಗಾಡಿಯೊಳಗೆ ಅವರೇ ಮಲಗಿದ್ದರು.

ಕೇರಳದಲ್ಲಿ 108 ಮೊದಲು ತಿರುವನಂತಪುರ, ಆಲಪ್ಪುಳ ಎರಡು ಜಿಲ್ಲೆಗಳಲ್ಲಿ ಮಾತ್ರ ಇತ್ತು. 2019ರ ಸೆಪ್ಟೆಂಬರಿನಲ್ಲಿ ‘ಕನಿವ್ 108’ ಅಂತ ಇಡೀ ರಾಜ್ಯಕ್ಕೆ ಬಂತು. ಕನಿವ್ ಅಂದರೆ ನಮ್ಮ ಕನಿಕರ. ಅಪ್ಪ ಕೆಲವು ವರ್ಷ ಮೊದಲೇ ಬಿದ್ದಿದ್ದರೆ ನಾವು ಆ ನಂಬರಿಗೆ ಫೋನ್ ಮಾಡುವ ಹಾಗೇ ಇರಲಿಲ್ಲ. ಈ ಯೋಚನೆ ಬಂದಾಗಲೆಲ್ಲ ನನಗೆ ಮೈ ತಣ್ಣಗಾಗುತ್ತದೆ.

ಮಂಗಳೂರಿನಲ್ಲಿ ಸ್ಟೆಂಟ್ ಹಾಕಿದರು. ಹನ್ನೆರಡು ದಿನ ಇದ್ದೆವು. ನಾವು ಒತ್ತಿದ್ದಕ್ಕೆ ಎರಡು ಪಕ್ಕೆಲುಬು ಬಿರುಕು ಬಿಟ್ಟಿತ್ತು. ನಾನು ಅದನ್ನು ಕೇಳಿ ಕಣ್ಣೀರು ಹಾಕಿದರೆ ಡಾಕ್ಟರು, ಸರಿಯಾಗಿ ಒತ್ತಿದಾಗ ಹೀಗೆ ಆಗುವುದುಂಟು, ಎಲುಬು ಕೂಡುತ್ತದೆ ಅಂದರು. ಆ ಮಾತಿಗೆ ಅವರಿಗೆ ದೊಡ್ಡ ಥ್ಯಾಂಕ್ಸ್. ಐಸಿಯು ಹೊರಗೆ ರಾತ್ರಿ ನನಗೆ ತನ್ನ ಚಾಪೆಯಲ್ಲಿ ಜಾಗ ಕೊಟ್ಟ ಆ ಅಜ್ಜಿಗೂ.

ಆ ಸರಣಿ ಮಾಡಿದವರಿಗೆ ಕನ್ನಡ ಬರುವುದಿಲ್ಲ, ಬದಿಯಡ್ಕ ಎಲ್ಲಿದೆ ಅಂತಲೂ ಗೊತ್ತಿರಲಿಕ್ಕಿಲ್ಲ. ಆದರೂ ಹೇಳುತ್ತೇನೆ. ನೀವು ಕ್ಯಾಮೆರಾವನ್ನು ಬರೀ ಸೈರನ್ನಿನ ಕಡೆಗೆ ತಿರುಗಿಸಿದ್ದರೆ ನಾನು ಏನೂ ಕಲಿಯುತ್ತಿರಲಿಲ್ಲ. ಫೋನಿನ ಈ ತುದಿಯಲ್ಲಿ ಹೆದರಿದ ಮನೆಯವರು, ಆ ತುದಿಯಲ್ಲಿ ಹೆದರದೆ ಕುಳಿತ ಒಬ್ಬ ಮನುಷ್ಯ. ಗಾಡಿ ಬರುವವರೆಗಿನ ಆ ಸಮಯವನ್ನು ನೀವು ಪೂರ್ತಿ ತೋರಿಸಿದಿರಿ. ನಮ್ಮ ಅಪ್ಪ ಬದುಕಿದ್ದು ಆ ಸಮಯದಲ್ಲೇ. ನಮ್ಮ ಭಾಷೆಯಲ್ಲೂ, ನಮ್ಮ 108ರವರು, ನಮ್ಮ ಅಗ್ನಿಶಾಮಕದವರ ಜೊತೆ ಇಂಥದ್ದೊಂದು ಯಾರಾದರೂ ಮಾಡಿ ಅಂತ ಕೈ ಮುಗಿದು ಕೇಳುತ್ತೇನೆ. ಬಾವಿಗೆ ಬಿದ್ದವರನ್ನು ಎತ್ತಲು ನಮ್ಮ ಊರುಗಳಲ್ಲಿ ಅಗ್ನಿಶಾಮಕದವರು ಹಗ್ಗ ಕಟ್ಟಿಕೊಂಡು ಇಳಿಯುವುದನ್ನು ನೋಡಿದವರಿಗೆ ನಾನು ಯಾಕೆ ಕೇಳುತ್ತಿದ್ದೇನೆ ಅಂತ ಅರ್ಥ ಆಗುತ್ತದೆ.

ಮೊನ್ನೆ ವರ್ಷ ತುಂಬಿದ ದಿನ ಪೈಲಟ್ ಮತ್ತು ಆ ಹುಡುಗಿಯನ್ನು ಊಟಕ್ಕೆ ಕರೆದೆವು. ಡ್ಯೂಟಿ ಬಿಟ್ಟು ಬರುವ ಹಾಗಿಲ್ಲ ಅಂದರು. ಅಮ್ಮ ಅನ್ನ, ಕುಂಬಳಕಾಯಿ ಕೊದ್ದೆಲು, ಮಾವಿನಮಿಡಿ ಉಪ್ಪಿನಕಾಯಿ, ಹೆಸರುಬೇಳೆ ಪಾಯಸ ಎಲ್ಲ ಬುತ್ತಿ ಕಟ್ಟಿದರು. ಗಾಡಿ ನಿಲ್ಲುವ ಜಾಗಕ್ಕೇ ಹೋಗಿ, ಪಕ್ಕದ ಜಗಲಿಯಲ್ಲಿ ಬಾಳೆಲೆ ಹಾಕಿ ಅಪ್ಪನೇ ಬಡಿಸಿದರು. ಇಬ್ಬರೂ ನಾಲ್ಕು ತುತ್ತು ತಿಂದಿರಬಹುದು, ಫೋನ್ ಬಂತು. ಕೈ ತೊಳೆದದ್ದೂ ಗೊತ್ತಾಗಲಿಲ್ಲ, ಗಾಡಿ ಹೊರಟೇ ಹೋಯಿತು.

ಹೋಗೋಣವಾ ಅಪ್ಪ, ಬಿಸಿಲು ಏರಿತು, ಅಂದೆ. ಅಪ್ಪ ಎರಡೂ ಎಲೆಯ ಮೇಲೆ ಇನ್ನೊಂದು ಎಲೆ ಮುಚ್ಚಿ, ಗಾಳಿಗೆ ಹಾರದ ಹಾಗೆ ಅಂಚಿಗೆ ಕಲ್ಲಿಟ್ಟು, ಜಗಲಿಯ ಕಂಬಕ್ಕೆ ಒರಗಿ ಕುಳಿತರು. “ಅವರು ಉಂಡ ಮೇಲೆ ಹೋಗುವ,” ಅಂದರು.